ಸವರದ ನೀರುವಂಜಿ

ಹೊಳೆದಂಡೆಯ ಆ ಆಶ್ರಮದಲ್ಲಿ ಇದ್ದವರು ಇಬ್ಬರೇ. ಗುರು ಕರಿಬಸಯ್ಯನವರು, ಶಿಷ್ಯ ಸಂಗಯ್ಯ.

ದಂಡೆಯ ಹಸಿ ಮಣ್ಣಿನಲ್ಲಿ ಸಂಗಯ್ಯ ನೀರುವಂಜಿಯ ಕಡ್ಡಿ ಊರಿ ಪೊದೆ ಬೆಳೆಸಿದ್ದ. ಚಳಿಗಾಲಕ್ಕೆ ಎಲೆ ಉದುರಿದರೆ ಬರೀ ಕೊಂಬೆಗಳು ಕೆಂಪಗೆ ಹೊಳೆಯುತ್ತಿದ್ದವು.

ಪ್ರತಿವರ್ಷ ಶಿವರಾತ್ರಿ ಕಳೆದ ಮೇಲೆ ಗುರುಗಳು ಬುಡದಲ್ಲಿ ಗೇಣುದ್ದ ಬಿಟ್ಟು ಎಲ್ಲವನ್ನೂ ಸವರಿಬಿಡುತ್ತಿದ್ದರು. ಅವರು ಹಾಸಿಗೆ ಹಿಡಿದ ಮೇಲೆ ಆ ಕೆಲಸ ಸಂಗಯ್ಯನ ಪಾಲಿಗೆ ಬಂತು. ಅಷ್ಟು ಚೆಂದದ ಕೊಂಬೆಗೆ ಕತ್ತಿ ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಎರಡು ವರ್ಷ, "ಸವರಿದೆ" ಎಂದು ಸುಳ್ಳು ಹೇಳಿದ.

ಮೂರನೆಯ ಚಳಿಗಾಲಕ್ಕೆ ಕೊಂಬೆಗಳೆಲ್ಲ ಬೂದಿಯ ಬಣ್ಣಕ್ಕೆ ತಿರುಗಿದವು.

ಒಂದು ದಿನ ಸಂಗಯ್ಯ ಹಾಸಿಗೆಯ ಪಕ್ಕ ಕೂತು ಒಪ್ಪಿಕೊಂಡ. "ನಾನು ಸವರಲೇ ಇಲ್ಲ ಗುರುಗಳೇ. ಕೆಂಪೆಲ್ಲ ಹೋಯಿತು."

"ಕೆಂಪು ಬರುವುದು ಹೊಸ ಚಿಗುರಿಗೆ," ಎಂದರು ಗುರುಗಳು.

ಆಮೇಲೆ ಕೇಳಿದರು. "ಮಳೆಗಾಲದಲ್ಲಿ ಒಬ್ಬಳು ಹುಡುಗಿ ಬಂದಿದ್ದಳಲ್ಲ, ಕಲಿಯಬೇಕು ಅಂತ. ಏನಾದಳು?"

ಅವಳು ಬಂದಾಗ ಗುರುಗಳು ನಿದ್ದೆಯಲ್ಲಿದ್ದಾರೆ ಎಂದೇ ಸಂಗಯ್ಯ ತಿಳಿದಿದ್ದ.

"ಗುರುಗಳು ಇನ್ನು ಯಾರಿಗೂ ಹೇಳಿಕೊಡುವುದಿಲ್ಲ ಅಂದೆ. ಮಳೆಯಲ್ಲೇ ವಾಪಸು ಹೋದಳು."

"ಅದಕ್ಕೂ ಮುಂಚೆ ಬಂದಿದ್ದ ಆ ಕುಂಬಾರರವನು?"

"ಅವನಿಗೂ ಅದನ್ನೇ ಹೇಳಿದೆ."

"ಉಳಿದವರಿಗೆ?"

"ನಿಮಗೆ ದಣಿವಾಗಬಾರದು ಅಂತ..." ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ. ಆ ಮಾತು ಅವನಿಗೇ ಹಿಡಿಸಲಿಲ್ಲ. "ನಿಮ್ಮ ಪಕ್ಕದಲ್ಲಿ ಇನ್ನೊಬ್ಬರು ಕೂರುವುದನ್ನು ನನ್ನಿಂದ ನೋಡಲಿಕ್ಕೆ ಆಗುತ್ತಿರಲಿಲ್ಲ."

"ಗೊತ್ತು. ಬಾಗಿಲಲ್ಲಿ ನೀನು ಆಡಿದ್ದೆಲ್ಲ ಇಲ್ಲಿಗೆ ಕೇಳಿಸುತ್ತಿತ್ತು."

ಸಂಗಯ್ಯ ತಲೆ ಎತ್ತಿದ. ನಾಚಿಕೆಯ ಜೊತೆಗೆ ಅವನಿಗೆ ಸಿಟ್ಟೂ ಬಂದಿತ್ತು.

"ಕೇಳಿಸುತ್ತಿದ್ದರೆ ಯಾಕೆ ಸುಮ್ಮನಿದ್ದಿರಿ? ನನ್ನನ್ನು ಗದರಿ ಅವರನ್ನು ಒಳಗೆ ಕರೆಯಬಹುದಿತ್ತಲ್ಲ?"

ಗುರುಗಳು ಗೋಡೆಯ ಕಡೆಗೆ ಮಗ್ಗುಲಾದರು.

"ಗದರಿದ್ದರೆ ನೀನು ಹೊರಟುಹೋಗುತ್ತಿದ್ದೆ ಸಂಗಯ್ಯ. ಹೊತ್ತು ಹೊತ್ತಿಗೆ ನನಗೆ ಗಂಜಿ ಕುಡಿಸುವವನು ನೀನೊಬ್ಬನೇ ಇದ್ದೆ."