ಬಾಣಂತಿಯ ಮನೆ ಹೊಸ್ತಿಲಲ್ಲಿ ಅಜ್ಜನವರು

ಪೂಜ್ಯ ನಿರ್ವಾಣಯ್ಯ ಅಜ್ಜನವರ ಮಠವೆಂದರೆ ಹುಬ್ಬಳ್ಳಿಯ ರೈಲು ಹಳಿಯಾಚೆಯ ಓಣಿಯಲ್ಲಿ ತಗಡು ಹೊದಿಸಿದ ಒಂದೇ ಖೋಲಿ. ಮುಂದೆ ತೆರೆದ ಗಟಾರ. ಶ್ರೀಗಳು ದಿನವೂ ಅದನ್ನು ಬರಿಗಾಲಲ್ಲಿ ದಾಟಿ ಓಣಿ ಸುತ್ತಿ ಬರುತ್ತಿದ್ದರು. ಬಂದೊಡನೆ ಭಕ್ತರು ಅವರ ಪಾದ ತೊಳೆದು, ಆ ನೀರನ್ನು ಪಾದೋದಕವೆಂದು ಹಂಚಿಕೊಳ್ಳುತ್ತಿದ್ದರು. ಅಷ್ಟಕ್ಕೇ ಬಿಟ್ಟರೇ? ಓಣಿಯಲ್ಲಿ ಹುಟ್ಟಿದ ಕೂಸಿನ ಬಾಯಿಗೂ ಮೊದಲು ಅದೇ ಬೀಳಬೇಕೆಂದು ಪದ್ಧತಿ ಮಾಡಿಕೊಂಡರು. ಅಜ್ಜನವರನ್ನು ಒಂದು ಮಾತು ಕೇಳೋಣವೆಂದು ಒಬ್ಬರಿಗೂ ತೋಚಲಿಲ್ಲ. ಇಂಥ ಭಕ್ತಿಗೆ ಏನು ಹೇಳುವುದು!

ಒಂದು ಬೆಳಿಗ್ಗೆ ಓಣಿಯ ಆಶಾ ಕಾರ್ಯಕರ್ತೆ ನೀಲಮ್ಮ ಸಿಟ್ಟಿನಿಂದ ಬಂದು ನಿಂತಳು. ಮಠದ ಕಡೆ ಎಂದೂ ಕೈಮುಗಿದವಳಲ್ಲ.

“ಅಜ್ಜಾರ, ಫಕೀರವ್ವನ ಮಗಳು ನಸುಕಿನ್ಯಾಗ ಮನ್ಯಾಗ ಹಡದಾಳ. ಕೂಸು ಭಾಳ ಸಣ್ಣದೈತಿ, ಮೈ ತಣ್ಣಗಾಗಾಕ ಹತ್ತೈತಿ. ಎದಿಯ ಮೊದಲ ಹಳದಿ ಹಾಲು ಕೆಟ್ಟದ್ದಂತ ಆ ಮುದುಕಿ ಹಿಂಡಿ ಚೆಲ್ಲ್ಯಾಳ. ದವಾಖಾನಿಗೆ ಹೋಗೂಣು ಅಂದ್ರ, ಮೊದಲ ನಿಮ್ಮ ಪಾದೋದಕ ಬೇಕಂತ! ಒದರಿ ಒದರಿ ಗಂಟಲ ಹರೀತು ನಂದು. ಕೂಸು ಹೋದ್ರ ನೀವು ತಂದ್ಕೊಡ್ತೀರೇನು?”

ಶಿಷ್ಯರು ಗದರಲು ಹೊರಟರು. ಅಜ್ಜನವರು ಅವರನ್ನು ತಡೆದು, ಎದ್ದು ಅವಳ ಹಿಂದೆ ನಡೆದರು.

ಗುರುಗಳು ತಾವಾಗಿಯೇ ಬಂದರೆಂದು ಫಕೀರವ್ವ ಹಿಗ್ಗಿ, ಪಾದ ತೊಳೆಯಲು ತಂಬಿಗೆ ನೀರು ತಂದಳು. ಒಳಗೆ ಕೂಸಿನ ಅಳು ಕ್ಷೀಣವಾಗುತ್ತಿತ್ತು. ನೀಲಮ್ಮ ಹಣೆ ಚಚ್ಚಿಕೊಂಡಳು. ಶ್ರೀಗಳು ಹೊಸ್ತಿಲ ಮೇಲೆ ಕುಳಿತು ಕಾಲುಗಳನ್ನು ಮಡಿಚಿಕೊಂಡರು.

“ಈಗಷ್ಟ ಗಟಾರ ದಾಟಿ ಬಂದ ಕಾಲಿವು. ಈ ನೀರು ಕೂಸಿಗೆ ಹಾಕ್ತೀಯೇನು?”

“ನಿಮ್ಮ ಪಾದಕ್ಕ ಯಾವ ಹೊಲಸ್ರಿ, ನನ್ನಪ್ಪಾ!”

ಅಜ್ಜನವರ ಸಹನೆ ಮುಗಿಯಿತು. “ಫಕೀರವ್ವಾ, ನೀ ನನ್ನ ಮಾತು ಕೇಳ್ತಿಯೋ, ನನ್ನ ಕಾಲು ತೊಳದ ನೀರನ್ನ ನಂಬ್ತಿಯೋ?”

ಮುದುಕಿ ತಂಬಿಗೆ ಕೆಳಗಿಟ್ಟು ಒಳಗೆ ಹೋದಳು. ನೀಲಮ್ಮ ಹೇಳಿದಂತೆ ಕೂಸನ್ನು ತಾಯಿಯ ಬರಿಮೈಗೆ ಒತ್ತಿ ಹಿಡಿಸಿ, ಮೇಲೆ ಸೀರೆ ಹೊದಿಸಿ, ತಾನೇ ಅದರ ಬಾಯನ್ನು ಮೊಲೆಗೆ ಸೇರಿಸಿದಳು. ಕೂಸು ಚೀಪತೊಡಗಿತು. ತಾಯಿ ಅದನ್ನು ಹಾಗೆಯೇ ಅವಚಿಕೊಂಡು ಆಟೋ ಹತ್ತಿದಳು.

ಸಂಜೆ ನೀಲಮ್ಮ ಮಠಕ್ಕೆ ಬಂದಳು. “ಮೈ ಬೆಚ್ಚಗಾಗೇತ್ರಿ. ಉಳೀತಾನ ಅಂದ್ರು ಡಾಕ್ಟ್ರು.” ಎಂದೂ ಬಾಗದವಳು ಬಾಗಿ ಶ್ರೀಗಳ ಪಾದಕ್ಕೆ ಕೈಚಾಚಿದಳು.

ಅಜ್ಜನವರು ಸರಕ್ಕನೆ ಕಾಲು ಹಿಂದೆಳೆದುಕೊಂಡರು.

“ನೀನೂ ಕಾಲಿಗೇ ಬಂದ್ಯಲ್ಲವ್ವಾ! ಏಳು ಮ್ಯಾಲೆ. ಇನ್ಯಾರ ಮನ್ಯಾಗ ಬಸಿರಿ ಅದಾಳ, ನಡಿ, ತೋರಿಸು.”