ವಿಲ್ಲೋ ಪೊದೆಗೆ ಕಟ್ಟಿದ ಬಿಲ್ಲೆ

ಬೇಸಿಗೆಯಲ್ಲಿ ಸೂರ್ಯ ಮುಳುಗದ ಬಡಗಣ ಸೀಮೆಯಲ್ಲಿ, ಮೊಣಕಾಲೆತ್ತರದ ವಿಲ್ಲೋ ಪೊದೆಯೊಂದು ಮಂಜಿನೊಳಗೆ ತೂಕಡಿಸುತ್ತಿತ್ತು. ಹಸಿದ ಮೊಲವೊಂದು ಬಂದು ಅದರ ಚಿಗುರಿಗೆ ಬಾಯಿ ಹಾಕಿತು. ಕೊಂಬೆಗೆ ಕಟ್ಟಿದ್ದ ತಗಡಿನ ಬಿಲ್ಲೆ ಗದರಿತು: "ಎಲೈ ಮೊಲವೇ, ನಿಲ್ಲು! ಈ ಜಾತಿಯಲ್ಲಿ ಉಳಿದಿರುವುದು ಇದೊಂದೇ. ಎಲೆ ಕಿತ್ತರೂ ಅಪರಾಧ."

ಮೊಲ ಹಿಂದೆ ಸರಿಯಿತು. "ಬುಡದಲ್ಲಿ ಆರು ಕೊಂಬೆ ಕತ್ತರಿಸಿದ ಗುರುತಿದೆಯಲ್ಲ, ಅದು ಯಾರ ಕೆಲಸ?"

"ನನ್ನನ್ನು ಕಟ್ಟಿದ ಸಸ್ಯಪಂಡಿತರದು. ಯಾವ ಜಾತಿಯೆಂದು ತಿಳಿಯಬೇಡವೇ? ವರ್ಷಕ್ಕೊಂದು ಕೊಂಬೆ ಒಯ್ದು, ಕಾಗದದ ನಡುವೆ ಒಣಗಿಸಿ ನೋಡುತ್ತಾರೆ."

"ತಿಳಿಯಿತೇ?"

"ಇನ್ನೂ ಸ್ವಲ್ಪ ಅನುಮಾನವಿದೆಯಂತೆ. ನಾಳೆ ಮತ್ತೆ ಬರುತ್ತಾರೆ."

ಪೊದೆ ತನ್ನ ಕೊನೆಯ ಕೊಂಬೆಯನ್ನು ಕನಸಿನಲ್ಲೆಂಬಂತೆ ಮೊಲದತ್ತ ಬಾಗಿಸಿತು.

"ಬಾರಪ್ಪ, ನೀನೇ ತಿನ್ನು. ನಿನಗೆ ಹಸಿವಾದರೂ ಇದೆ."