ಅರಸನ ಮೂಗಿನೊಳಗಿನ ರೊಟ್ಟಿ

ಹತ್ತಿರ ಸರಿದು ಕೂಡ್ರಿ ಮಕ್ಕಳಾ. ಈ ಕಥೆ ಬಿಸಿ ಇರುವಾಗಲೇ ಕೇಳಬೇಕು.

ಕೆಂಡಗಲ್ಲು ಅಂತ ಒಂದು ರಾಜ್ಯ. ಅಲ್ಲಿ ಭೂಮಲ್ಲ ಅಂತ ಒಬ್ಬ ಅರಸ. ಅವನಿಗೊಂದು ಖಯಾಲಿ. ಏನು ಮಾಡಿಸಿದರೂ ಮರುಗಳಿಗೆಗೆ, "ಬ್ಯಾಡ, ಮೊದಲಿನಂಗ ಮಾಡ್ರಿ" ಅನ್ನುವುದು. ಒಮ್ಮೆ ಮೀಸೆ ಬೋಳಿಸಿಕೊಂಡ. ಕನ್ನಡಿ ನೋಡಿ ಹೌಹಾರಿ, ಅದೇ ಕೂದಲನ್ನು ಜಾಲಿ ಅಂಟಿನಿಂದ ಮತ್ತೆ ಮೆತ್ತಿಸಿಕೊಂಡ. ಬಿಸಿಲಿಗೆ ಅದು ಗದ್ದಕ್ಕೆ ಜಾರುತ್ತಿತ್ತು. "ಮೀಸಿ ಚಲೋ ಕಾಣತೈತಲ್ಲ?" ಅಂತ ಕೇಳಿದರೆ ಆಸ್ಥಾನದವರೆಲ್ಲ ಒಂದೇ ದನಿಯಲ್ಲಿ "ಹೌದ್ರಿ!" ಅನ್ನುತ್ತಿದ್ದರು. ಪಾಪ, ಅವರಿಗೆ ಬರುತ್ತಿದ್ದ ಮಾತೇ ಅದೊಂದು.

ಅರಮನೆಯ ಅಡುಗೆಯವಳು ನೀಲಗಂಗವ್ವ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಳ ಮೂಗಂತೂ ಅರ್ಧ ಅಡುಗೆಮನೆ ಇದ್ದ ಹಾಗೆ. ಒಗ್ಗರಣೆ ಸೀಯುವ ಮೊದಲೇ ಅದಕ್ಕೆ ಗೊತ್ತಾಗುತ್ತಿತ್ತು, ಮುಚ್ಚಳ ತೆಗೆಯದೆಯೇ ಬೇಳೆ ಬೆಂದದ್ದು ಗೊತ್ತಾಗುತ್ತಿತ್ತು.

ಒಂದು ದಿನ ಅರಸ ಬಿಸಿರೊಟ್ಟಿ ಉಣ್ಣಬೇಕೆಂದು ಒಲೆಯ ಮುಂದೆಯೇ ಮಣೆ ಹಾಕಿಸಿಕೊಂಡು ಕೂತ.

"ತುಪ್ಪ ಕಾಸು," ಅಂದ. ಕಾಸಿದಳು. "ಅಯ್ಯ, ಹರಳು ಹರಳಾಗಿದ್ದ ತುಪ್ಪ ನೀರಾತಲ್ಲ! ಮೊದಲಿನಂಗ ಮಾಡು!" ನೀಲಗಂಗವ್ವ ಗಿಂಡಿಯನ್ನು ತಣ್ಣೀರಿನಲ್ಲಿಟ್ಟಳು. ತುಸು ಹೊತ್ತಿಗೆ ತುಪ್ಪ ಗಟ್ಟಿಯಾಯಿತು.

"ನೀರಿಗೆ ಉಪ್ಪು ಹಾಕು," ಅಂದ. ಹಾಕಿದಳು. "ಅಯ್ಯ, ನನ್ನ ಉಪ್ಪು ಎಲ್ಲಿ ಹೋತು? ಮೊದಲಿನಂಗ ಮಾಡು!" ನೀಲಗಂಗವ್ವ ನೀರನ್ನು ಕುದಿಸಿದಳು, ಇನ್ನೂ ಕುದಿಸಿದಳು. ನೀರೆಲ್ಲ ಆವಿಯಾಗಿ ತಳದಲ್ಲಿ ಬೆಳ್ಳಗೆ ಉಪ್ಪು ಉಳಿಯಿತು.

ಅರಸ ಶಹಬ್ಬಾಸ್ ಅಂದ. ಅಲ್ಲಿಗೆ ಸುಮ್ಮನಿರಬಾರದೇ ಈ ಹೆಂಗಸು? "ನನ್ನ ಒಲಿ ಮ್ಯಾಲ ಹೋದದ್ದು ಕರದ್ರ ಓಡಿ ಬರತೈತ್ರಿ!" ಅಂದುಬಿಟ್ಟಳು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನೋದು ಇದಕ್ಕೇ.

ಆಮೇಲೆ ಬೇರೆ ನೀರು ಕಾಸಿ ಹಿಟ್ಟು ನಾದಿದಳು, ತಟ್ಟಿದಳು, ಹಂಚಿನ ಮೇಲೆ ಬೇಯಿಸಿ ಕೆಂಡಕ್ಕೆ ಒರಗಿಸಿದಳು. ರೊಟ್ಟಿ ಬುಸ್ಸೆಂದು ಉಬ್ಬಿತು. ಘಮ ಎದ್ದಿತು. ಅರಸ ಕಣ್ಣು ಮುಚ್ಚಿ "ಆಹಾ!" ಅಂತ ಒಮ್ಮೆ ಮೂಸಿದ, ಇನ್ನೊಮ್ಮೆ ಮೂಸಿದ, ಮತ್ತೊಮ್ಮೆ ಮೂಸಿದ. ಕಣ್ಣು ಬಿಟ್ಟರೆ ರೊಟ್ಟಿಯ ಮೈಮೇಲೆ ಕರಿ ಚುಕ್ಕೆ.

"ಇಶ್ಶೀ! ಇದನ್ನ ಮತ್ತ ಹಿಟ್ಟು ಮಾಡು. ಹೊತ್ತು ಮುಳುಗೂದ್ರಾಗ ಆಗದಿದ್ರ ನಿನ್ನ ಮೂಗು ಕೊಯ್ಸತೀನಿ!"

ಅಂದವನೇ ಅರಸ ಎದ್ದು ಆಸ್ಥಾನಕ್ಕೆ ಹೋದ, ನೀಲಗಂಗವ್ವ ಕೆಲಸಕ್ಕಿಳಿದಳು. ರೊಟ್ಟಿಯ ಒಂದು ತುಂಡು ಮುರಿದು ತಣ್ಣೀರಿಗಿಟ್ಟಳು. ಮೆತ್ತಗಾಗಿ ಅಂಬಲಿಯಾಯಿತು. ಇನ್ನೊಂದು ತುಂಡನ್ನು ಬೆಂಕಿಗಿಟ್ಟಳು. ಇದ್ದಿಲಾಯಿತು. ಮತ್ತೊಂದನ್ನು ಒರಳಲ್ಲಿ ಕುಟ್ಟಿದಳು. ಪುಡಿಯೇನೋ ಆಯಿತು, ನೀರು ಹಾಕಿ ತಟ್ಟಿದರೆ ಚೂರುಚೂರು. ಅದು ಹಿಟ್ಟಿನ ಜಾತಿಯನ್ನೇ ಬಿಟ್ಟಿತ್ತು. ಸಹಾಯಕ್ಕೆಂದು ಅರಸ ಕಳಿಸಿದ ಶಾಸ್ತ್ರಿ ಮಂತ್ರವನ್ನು ಹಿಂದಿನಿಂದ ಮುಂದಕ್ಕೆ ಹೇಳಿದ. ರೊಟ್ಟಿ ಕದಲಲಿಲ್ಲ, ಶಾಸ್ತ್ರಿಗೆ ಬಿಕ್ಕಳಿಕೆ ಹತ್ತಿತು.

"ಮೂಗಿಲ್ಲದ ಅಡಿಗ್ಯಾಕಿನ್ನ ಯಾರು ಕರೀತಾರ ನನ್ನವ್ವಾ!" ಅಂತ ಗೊಳೋ ಅಂದಳು. ಅಳುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು. ಸೆರಗಿನ ತುಂಬ ರೊಟ್ಟಿಯ ಘಮ! ಅಳು ಅಲ್ಲಿಗೇ ನಿಂತಿತು. ಮೂಲೆಯಲ್ಲಿದ್ದ ಈಳಿಗೆ ಎತ್ತಿಕೊಂಡು ನೆಟ್ಟಗೆ ಆಸ್ಥಾನಕ್ಕೆ ಹೋದಳು.

"ಅರಸರ, ಹಿಟ್ಟು ಮಾಡತೀನ್ರಿ. ಆದ್ರ ಅರ್ಧ ರೊಟ್ಟಿ ಕಳವಾಗೇತ್ರಿ."

"ಯಾರು ಕದ್ದಾಂವ?"

"ಬೇಯೂವಾಗ ಘಮ ಎದ್ದು ಹೋತಲ್ರಿ, ಅದೂ ರೊಟ್ಟೀನ. ಎಲ್ಲಾ ಕೂಡಿದ್ರ ತಾನ ಹಿಟ್ಟು ಆಗೂದು? ಆ ಘಮ ಎಳಕೊಂಡವರು ನೀವು." ಆಸ್ಥಾನದವರ ಕಡೆ ತಿರುಗಿದಳು. "ಅರಸರ ಮೂಗಿನಾಗ ರೊಟ್ಟಿ ಐತಿ, ಹೌದಲ್ರಿ?"

"ಹೌದ್ರಿ!"

"ಮೂಗು ಕೊಯ್ದು ತಗೀಬೇಕು, ಹೌದಲ್ರಿ?"

"ಹೌದ್ರಿ!"

"ಈಗಿಂದೀಗ?"

"ಹೌದ್ರಿ ಹೌದ್ರಿ!"

ಅರಸ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡ. ಅವಸರಕ್ಕೆ ಮೀಸೆ ಕಿತ್ತು ಕೈಗೆ ಬಂತು. "ಹುಚ್ಚಿ! ಕೊಯ್ದ ಮೂಗು ಮತ್ತ ಬರತೈತೇನ?"

"ಯಾಕ ಬರೂದಿಲ್ರಿ? ಮೀಸಿಗೆ ಹಚ್ಚಿದ ಅಂಟು ಇನ್ನೂ ಉಳದೈತಿ."

"ಬರೂದಿಲ್ಲ! ಒಂದೊಂದು ಹೋದ್ರ ಹೋದಂಗ, ಮೊದಲಿನಂಗ ಆಗೂದಿಲ್ಲ!"

ನೀಲಗಂಗವ್ವ ಈಳಿಗೆ ಕೆಳಗಿಟ್ಟಳು. "ಹಂಗಾದ್ರ ಬೆಂದ ರೊಟ್ಟೀನೂ ಹಿಟ್ಟು ಆಗೂದಿಲ್ರಿ. ನನ್ನ ಮೂಗೂ ಅಂಟೂದಿಲ್ರಿ."

ಅರಸ ಮೀಸೆಯಿಲ್ಲದ ತುಟಿ ಸವರಿಕೊಂಡ. ಉಳಿದ ರೊಟ್ಟಿ ತರಿಸಿ, ಆ ಗಟ್ಟಿ ತುಪ್ಪ ಸವರಿ, ಆ ಉಪ್ಪು ಉದುರಿಸಿ, ಕರಿ ಚುಕ್ಕೆಯ ಸಮೇತ ತಿಂದ. "ಚಲೋ ಆಗೇತಿ," ಅಂದ. ಆಸ್ಥಾನದವರು "ಹೌದ್ರಿ" ಅಂದರು. ಅವರ ಜನ್ಮದಲ್ಲಿ ಅದೊಂದು ಹೌದು ನಿಜವಾಗಿತ್ತು.

ಅದಕ್ಕೇ ಹೇಳೋದು ಮಕ್ಕಳಾ: ಕರಗಿದ್ದು ಗಟ್ಟಿಯಾದೀತು, ನೀರಿಗೆ ಬಿದ್ದ ಉಪ್ಪು ಸಿಕ್ಕೀತು, ಬೆಂದದ್ದು ಮಾತ್ರ ಹಸಿಯಾಗದು. ಬೆಂಕಿಗೆ ಇಡುವ ಮೊದಲೇ ಯೋಚನೆ ಮಾಡಬೇಕು.

ಅವರ ಒಲೆ ಆರಿತು, ನಮ್ಮ ಒಲೆ ಹೊತ್ತಿತು. ಏಳ್ರಿ, ಕೈ ತೊಳಕೊಳ್ರಿ.